ಅಪ್ಪನ ರಿಪೋರ್ಟ್ ನೋಡಿದೆ

ಪ್ರೀತಿಯ ಅಕ್ಕ,

ನಾನು ಇಲ್ಲಿ ಆರಾಮಾಗಿದ್ದೇನೆ. ನೀನು ಕಳಿಸಿದ ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೊರಟರೆ ಅಮ್ಮ ಅರ್ಧ ಕೇಳಿಸಿಕೊಂಡೇ ಗಾಬರಿಯಾಗಿಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಆಮೇಲೆ ಅವಳಿಗೂ ಓದಿ ಹೇಳು.

ನೀನು ಹೆದರಿಕೊಂಡಿದ್ದು ಪ್ಲೇಟ್‌ಲೆಟ್ ಸಾಲು ನೋಡಿ, ಅಲ್ವಾ? 1.6 ಲಕ್ಷ ಇದೆ. ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ. ಅದರ ಚಿಂತೆ ಬಿಡು. ನನ್ನ ಕಣ್ಣು ನಿಂತಿದ್ದು ಮೇಲಿನ ಎರಡು ಸಾಲುಗಳ ಮೇಲೆ. ಹಿಮೊಗ್ಲೋಬಿನ್ 10.2, ಎಂಸಿವಿ 71. ಗಂಡಸರಿಗೆ ಹಿಮೊಗ್ಲೋಬಿನ್ 13 ಆದರೂ ಇರಬೇಕು. ಎಂಸಿವಿ ಅಂದರೆ ಒಂದು ಕೆಂಪು ಕಣದ ಸರಾಸರಿ ಗಾತ್ರ. ಅದು 80ರಿಂದ 100ರ ಒಳಗಿರಬೇಕು.

ನಾನು ಲ್ಯಾಬ್‌ನಲ್ಲಿ ದಿನಾ ನೋಡುವುದನ್ನೇ ಹೇಳುತ್ತೇನೆ. ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಹೊರಗೆ ತೆಗೆದರೆ ಕೆಂಪೆಲ್ಲ ತಳದಲ್ಲಿ ಕೂತಿರುತ್ತದೆ. ಮೇಲೆ ತಿಳಿ ಹಳದಿ ಬಣ್ಣದ ಪ್ಲಾಸ್ಮಾ. ಎರಡರ ಮಧ್ಯೆ ಒಂದು ಎಳೆಯಷ್ಟು ತೆಳ್ಳಗೆ ಬಿಳಿ ಪದರ.

ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲಾಸ್ಮಾನೇ, ನೂರಕ್ಕೆ ಸುಮಾರು 55 ಭಾಗ. ಅದರಲ್ಲೂ ನೂರಕ್ಕೆ 90 ಭಾಗ ಬರೀ ನೀರು. ಆದರೆ ಉಳಿದ ಸ್ವಲ್ಪದಲ್ಲೇ ಎಷ್ಟೊಂದು ಕೆಲಸ ಇದೆ! ಉಪ್ಪು, ಸಕ್ಕರೆ, ಹಾರ್ಮೋನು ಎಲ್ಲ ಓಡಾಡುವುದು ಅದರಲ್ಲೇ. ಅಲ್ಬುಮಿನ್ ಅನ್ನುವ ಪ್ರೋಟೀನ್ ನೀರನ್ನು ರಕ್ತನಾಳದ ಒಳಗೇ ಹಿಡಿದಿಡುತ್ತದೆ. ಅದು ತೀರಾ ಕಡಿಮೆಯಾದರೆ ಕಾಲು ಊದಿಕೊಳ್ಳುತ್ತದೆ.

ಮಧ್ಯದ ಬಿಳಿ ಪದರದಲ್ಲಿ ಇರುವುದು ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್. ಬಿಳಿ ಕಣಗಳು ಸೋಂಕಿನ ಜೊತೆ ಹೋರಾಡುತ್ತವೆ. ಗಾಯದಲ್ಲಿ ಕೀವು ಆಗುತ್ತದಲ್ಲ, ಅದರಲ್ಲಿ ಬಹುಪಾಲು ಹೋರಾಡಿ ಸತ್ತ ಬಿಳಿ ಕಣಗಳೇ. ಅಪ್ಪನಿಗೆ 7,200 ಇವೆ, ಚೆನ್ನಾಗಿದೆ. ಪ್ಲೇಟ್‌ಲೆಟ್ ಪೂರ್ತಿ ಕಣವೂ ಅಲ್ಲ, ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಕಣವೊಂದರಿಂದ ಮುರಿದು ಬಂದ ಚೂರು. ರಕ್ತನಾಳ ಎಲ್ಲಿ ಹರಿಯಿತೋ ಅಲ್ಲಿ ಮೊದಲು ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಮಾದಲ್ಲಿರುವ ಫೈಬ್ರಿನೋಜೆನ್ ನೂಲು ನೂಲಾಗಿ ಬದಲಾಗಿ ಅದರ ಮೇಲೆ ಬಲೆ ಹೆಣೆಯುತ್ತದೆ. ರಕ್ತ ನಿಲ್ಲುವುದು ಹಾಗೆ.

ಈಗ ಕೆಂಪು ಕಣದ ವಿಷಯ. ನನಗೆ ತುಂಬಾ ಇಷ್ಟವಾದದ್ದೂ ಇದೇ. ಮಜ್ಜೆಯಿಂದ ಹೊರಬೀಳುವ ಮೊದಲೇ ಅದು ತನ್ನ ನ್ಯೂಕ್ಲಿಯಸ್ಸನ್ನು, ಅಂದರೆ ಕಣದ ಕೇಂದ್ರವನ್ನು, ಹೊರಗೆ ಹಾಕಿಬಿಡುತ್ತದೆ. ಒಳಗೆ ಇರುವ ಜಾಗವೆಲ್ಲ ಹಿಮೊಗ್ಲೋಬಿನ್‌ಗೆ. ಒಂದೊಂದು ಹಿಮೊಗ್ಲೋಬಿನ್‌ನಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಅವಕ್ಕೆ ನಾಲ್ಕು ಆಕ್ಸಿಜನ್. ಕೆಂಪು ಕಣ ತನಗಿಂತ ಕಿರಿದಾದ ನಾಳದಲ್ಲೂ ಮೈ ಮಡಚಿ ನುಗ್ಗುತ್ತದೆ. ಹೀಗೆ ಸುಮಾರು 120 ದಿನ ದುಡಿಯುತ್ತದೆ. ಹಳೆಯದಾದ ಮೇಲೆ ಗುಲ್ಮ (ಸ್ಪ್ಲೀನ್) ಮತ್ತು ಲಿವರ್ ಅದನ್ನು ಒಡೆದು, ಕಬ್ಬಿಣವನ್ನು ಮಾತ್ರ ಜೋಪಾನವಾಗಿ ತೆಗೆದು ಮತ್ತೆ ಮಜ್ಜೆಗೆ ಕಳಿಸುತ್ತವೆ. ಹೊಸ ಕಣ ಮಾಡಲು ದಿನಕ್ಕೆ ಬೇಕಾಗುವ 20–25 ಮಿಲಿಗ್ರಾಂ ಕಬ್ಬಿಣದಲ್ಲಿ ಬಹುಪಾಲು ಹೀಗೆ ಬಂದದ್ದೇ. ಊಟದಿಂದ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ ಅಷ್ಟೇ.

ಅಕ್ಕ, ಇಲ್ಲಿ ಸ್ವಲ್ಪ ಗಮನ ಕೊಡು. ಕಬ್ಬಿಣ ಸಾಲದಿದ್ದರೆ ಕಣಗಳು ಚಿಕ್ಕದಾಗುತ್ತವೆ, ಬಣ್ಣವೂ ಪೇಲವ. ಅಪ್ಪನ ಎಂಸಿವಿ ಹೇಳುತ್ತಿರುವುದು ಬಹುಶಃ ಅದನ್ನೇ. ಹುಟ್ಟಿನಿಂದಲೇ ಕಣ ಚಿಕ್ಕದಿರುವವರೂ ಇದ್ದಾರೆ, ಆದರೆ ಅಪ್ಪನ ಹಳೆಯ ರಿಪೋರ್ಟ್‌ಗಳಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮೈ ಇಷ್ಟು ಜೋಪಾನ ಮಾಡುವ ಕಬ್ಬಿಣ ಈ ವಯಸ್ಸಿನ ಗಂಡಸಿನಲ್ಲಿ ಕಡಿಮೆಯಾಗಿದೆ ಅಂದರೆ, ರಕ್ತ ಎಲ್ಲೋ ಸೋರುತ್ತಿದೆಯಾ ಅಂತ ಮೊದಲು ನೋಡಬೇಕು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಹೊಟ್ಟೆಯಲ್ಲೋ ಕರುಳಲ್ಲೋ ದಿನಕ್ಕೆ ಒಂದು ಟೀ ಚಮಚದಷ್ಟು ಹೋದರೂ ಸಾಕು, ಊಟದಿಂದ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ. ಅಷ್ಟು ರಕ್ತ ಹೋಗುತ್ತಿದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಮೆಟ್ಟಿಲು ಹತ್ತಿದರೆ ಸುಸ್ತು ಅಂತ ಅಪ್ಪ ಹೇಳುತ್ತಿದ್ದರಲ್ಲ, ಅದು ಬರೀ ವಯಸ್ಸಿನಿಂದ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಸುಮ್ನೆ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ಕೊಟ್ಟು ಕೂರಬೇಡಿ. ಹಿಮೊಗ್ಲೋಬಿನ್ ಏರುತ್ತದೆ, ಕಾರಣ ಮಾತ್ರ ಒಳಗೇ ಉಳಿದುಬಿಡುತ್ತದೆ. ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಬೇಕಾ, ಹೊಟ್ಟೆ-ಕರುಳಿಗೆ ಎಂಡೋಸ್ಕೋಪಿ ಮಾಡಿಸಬೇಕಾ ಅಂತ ನೀನಾಗಿ ಕೇಳು. ಮಲ ಕಪ್ಪಗೆ ಹೋಗುತ್ತಿದೆಯಾ ಅಂತ ಅಪ್ಪನನ್ನು ಕೇಳು, ನಾಚಿಕೊಂಡು ಮುಚ್ಚಿಡುವುದು ಬೇಡ ಅಂತ ನಾನು ಹೇಳಿದೆ ಅನ್ನು. ಹೌದು ಅಂದರೆ ವಾರದವರೆಗೆ ಕಾಯಬೇಡ, ಅವತ್ತೇ ಹೊರಡಿ.

ಇನ್ನೊಂದು. ಮಂಡಿ ನೋವಿಗೆ ಅಪ್ಪ ದಿನಾ ಒಂದು ಮಾತ್ರೆ ನುಂಗುತ್ತಾರಲ್ಲ, ಅಂಥ ನೋವಿನ ಮಾತ್ರೆಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ. ಅದನ್ನು ಡಾಕ್ಟರಿಗೆ ಮರೆಯದೆ ತೋರಿಸು. ನನಗೂ ಆ ಮಾತ್ರೆಯ ಸ್ಟ್ರಿಪ್‌ನ ಫೋಟೋ ತೆಗೆದು ಕಳಿಸು, ಹೆಸರು ಸರಿಯಾಗಿ ಕಾಣುವ ಹಾಗೆ.

ಇಂತಿ ನಿನ್ನ ತಮ್ಮ