ನಮ್ಮ ಮೊದಲ ಆಲ್ಬಮ್‌ನ ಜೊತೆ ನಿಂತವರಿಗೆ

ನಾನು ಸಾಹಿತ್ಯ ಬರೆದು ಗೆಳೆಯ ರಾಗ ಹಾಕಿದ ಮೊದಲ ಚಿತ್ರದ ಹಾಡುಗಳು ಕಳೆದ ವಾರ ಪೂರ್ತಿಯಾಗಿ ಬಿಡುಗಡೆಯಾದವು. ನಿರ್ಮಾಪಕರ ಕೈ ಬರಿದಾಗಿ ಎಂಟು ತಿಂಗಳು ನಿಂತುಹೋಗಿದ್ದ ಕೆಲಸವಿದು. ಆದ್ದರಿಂದ ಧನ್ಯವಾದವನ್ನು ವೇದಿಕೆಯ ಮೇಲೆ ಎರಡು ಮಾತಿನಲ್ಲಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ಮೊದಲ ನಮಸ್ಕಾರ ನಿರ್ದೇಶಕರಿಗೆ. ನಮ್ಮ ಚಿತ್ರರಂಗದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ನಾವಿಬ್ಬರು ಕಾಲೇಜಿನ ದಿನಗಳಿಂದ ಇದಕ್ಕೆ ತದ್ವಿರುದ್ಧವಾಗಿ ನಡೆದವರು, ಆ ರೂಢಿಯನ್ನು ಬಿಡಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನಮ್ಮ ಹಟಕ್ಕೆ ಬೆಂಬಲವಾಗಿದ್ದವರು ಇಂಗ್ಲೆಂಡಿನ ಗಾಯಕ-ಸಂಯೋಜಕ ಎಲ್ಟನ್ ಜಾನ್ ಮತ್ತು ಅವರ ಗೀತರಚನಕಾರ ಬರ್ನಿ ಟೌಪಿನ್: 1967ರಲ್ಲಿ ಬ್ರಿಟನ್ನಿನ ಸಂಗೀತ ವಾರಪತ್ರಿಕೆಯೊಂದರ ಒಂದೇ ಜಾಹೀರಾತಿಗೆ ಉತ್ತರಿಸಿ ಜೊತೆಯಾದ ಇವರಲ್ಲಿ, ಟೌಪಿನ್ ಬರೆದುಕೊಟ್ಟ ಸಾಲುಗಳಿಗೆ ಎಲ್ಟನ್ ಬೇರೆ ಕೋಣೆಯಲ್ಲಿ ಪಿಯಾನೊ ಮುಂದೆ ಕುಳಿತು ರಾಗ ಹಾಕುತ್ತಿದ್ದರು. ಹೆಸರು ಬರುವ ಮೊದಲೇ ಅವರು ಲೂಯಿಸ್ ಗಿಲ್ಬರ್ಟ್ ನಿರ್ದೇಶನದ ‘ಫ್ರೆಂಡ್ಸ್’ ಚಿತ್ರಕ್ಕೆ ಹಾಡು ಮಾಡಲು ಒಪ್ಪಿದ್ದರು. 1971ರಲ್ಲಿ ಆಲ್ಬಮ್ ಬರುವ ಹೊತ್ತಿಗೆ ಎಲ್ಟನ್ ಅಮೆರಿಕದಲ್ಲೂ ಪ್ರಸಿದ್ಧರಾಗಿದ್ದರು. ಹಾಡುಗಳು ಕೆಲವೇ ಇದ್ದುದರಿಂದ ಉಳಿದ ಜಾಗವನ್ನು ಪಾಲ್ ಬಕ್‌ಮಾಸ್ಟರ್ ಅವರ ವಾದ್ಯವೃಂದದ ಸಂಗೀತ ತುಂಬಿತು. ಗ್ರ್ಯಾಮಿಗೆ ನಾಮನಿರ್ದೇಶನಗೊಂಡರೂ ಆಲ್ಬಮ್ ಆಗಿ ಅದು ತುಸು ತೇಪೆ ಹಾಕಿದಂತಿದೆ, ನನಗೆ ಹಿಡಿಸಿದ್ದೂ ಅದೇ.

ನಮ್ಮಲ್ಲೂ ಹಾಡುಗಳು ನಾಲ್ಕೇ. ಉಳಿದದ್ದು ಹಿನ್ನೆಲೆ ಸಂಗೀತ, ಅದಕ್ಕೆ ನುಡಿಸಿದ ಪಿಟೀಲು ಮತ್ತು ಕೊಳಲಿನ ಕಲಾವಿದರು ಆ ಎಂಟು ತಿಂಗಳಲ್ಲಿ ಸಂಭಾವನೆಯ ಮಾತೆತ್ತಲಿಲ್ಲ. ಈಗ ಬಾಕಿ ತೀರಿದೆ, ಋಣ ತೀರಿಲ್ಲ.

ಮುಖ್ಯ ಗಾಯಕರಿಗೆ ಮಾದರಿಯಾಗಿ ಮೊದಲೇ ಟ್ರ್ಯಾಕ್ ಹಾಡಿಕೊಟ್ಟ ಸಹೋದರಿಗೆ ವಿಶೇಷ ವಂದನೆ. ಮೂರನೆಯ ಹಾಡಿಗೆ ಬೇರೆ ಭಾಷೆಯ ಗಾಯಕಿಯೊಬ್ಬರನ್ನು ಕರೆಸಿದ್ದೆವು. ಅವರು ಎಷ್ಟು ಶ್ರದ್ಧೆಯಿಂದ ತಿದ್ದಿಕೊಂಡರೂ ಪಲ್ಲವಿಯ ‘ಬೆಳದಿಂಗಳು’ ಪ್ರತಿ ಟೇಕ್‌ನಲ್ಲೂ ‘ಬೆಲದಿಂಗಲು’ ಆಗುತ್ತಿತ್ತು. ಹದಿನಾರನೆಯ ಟೇಕ್ ಮುಗಿದ ಮೇಲೆ ಅವರೇ ಹೆಡ್‌ಫೋನ್ ತೆಗೆದಿಟ್ಟು, ಟ್ರ್ಯಾಕ್‌ನ ಧ್ವನಿಯನ್ನೇ ಉಳಿಸಿಕೊಳ್ಳಿ ಎಂದರು. ಆ ದೊಡ್ಡ ಮನಸ್ಸಿಗೂ ನಾವು ಋಣಿಗಳು. ನೀವು ಈಗ ಕೇಳುತ್ತಿರುವುದು, ಗುರುತಿಗಾಗಿ ಒಂದೇ ಸಲಕ್ಕೆ ಹಾಡಿಕೊಟ್ಟಿದ್ದ ಆ ಟ್ರ್ಯಾಕನ್ನೇ.

ಕೊನೆಯದಾಗಿ, ಮಹಡಿಯ ಕೋಣೆಯ ಬಾಡಿಗೆಯನ್ನು ಆರು ತಿಂಗಳು ಕೇಳದೆ, ರಾತ್ರಿ ಹಾರ್ಮೋನಿಯಂ ಸದ್ದಿಗೂ ಬೇಸರಿಸದೆ ಇದ್ದ ಮನೆಯೊಡತಿ ಅಮ್ಮನವರಿಗೆ ನಮಸ್ಕಾರಗಳು. ನಾಲ್ಕನೆಯ ಹಾಡಿನ ಕೊನೆಯಲ್ಲಿ ದೂರದಿಂದ ಕುಕ್ಕರ್ ಕೂಗುವುದು ಅವರ ಅಡುಗೆಮನೆಯಿಂದಲೇ. ಮಿಕ್ಸಿಂಗ್ ಮಾಡುವವರು ಅದನ್ನು ತೆಗೆಯಹೊರಟಾಗ ನಾವಿಬ್ಬರೂ ಬೇಡವೆಂದು ಕೇಳಿಕೊಂಡೆವು.