ಭತ್ಯೆಗೆ ಬದಲಾಗಿ ಬಿಟ್ಟಿ ಚಾಕರಿ: ಬ್ರಿಟನ್ನಿನ ಹೋರಾಟ ನಡೆದ ಬಗೆ

ಮಾನ್ಯರೇ,

ಬ್ರಿಟನ್ನಿನ ನಿರುದ್ಯೋಗ ಭತ್ಯೆಯ ಚರ್ಚೆ ಬಂದಾಗಲೆಲ್ಲ ‘ಸರ್ಕಾರದ ದುಡ್ಡು ತೆಗೆದುಕೊಳ್ಳುವವರು ಒಂದಿಷ್ಟು ಕೆಲಸ ಮಾಡಿಕೊಟ್ಟರೆ ತಪ್ಪೇನು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡಿ. 2012–13ರಲ್ಲಿ 25 ದಾಟಿದ ಒಂಟಿ ವ್ಯಕ್ತಿಗೆ ವಾರದ ಭತ್ಯೆ 71 ಪೌಂಡ್. ‘ಮ್ಯಾಂಡೇಟರಿ ವರ್ಕ್ ಆಕ್ಟಿವಿಟಿ’ ಎಂಬ ಕಡ್ಡಾಯ ದುಡಿಮೆಯ ಯೋಜನೆಯಡಿ 4 ವಾರ, ವಾರಕ್ಕೆ 30 ಗಂಟೆಯವರೆಗೆ ದುಡಿಯಬೇಕು. ಗಂಟೆಗೆ ಬಿದ್ದದ್ದು ಸುಮಾರು 2.37 ಪೌಂಡ್. 2012ರ ಅಕ್ಟೋಬರ್‌ನಿಂದ ವಯಸ್ಕರಿಗೆ ಕಾನೂನುಬದ್ಧ ಕನಿಷ್ಠ ಕೂಲಿ 6.19 ಪೌಂಡ್ ಇತ್ತು. 2014ರಲ್ಲಿ ಬಂದ ‘ಕಮ್ಯುನಿಟಿ ವರ್ಕ್ ಪ್ಲೇಸ್‌ಮೆಂಟ್’ ಇದನ್ನು 6 ತಿಂಗಳಿಗೆ ಎಳೆಯಿತು. 26 ವಾರ, ವಾರಕ್ಕೆ 30 ಗಂಟೆ ಎಂದರೆ 780 ಗಂಟೆ. ಇಂಗ್ಲೆಂಡಿನ ನ್ಯಾಯಾಲಯ ತಪ್ಪಿತಸ್ಥನಿಗೆ ಶಿಕ್ಷೆಯಾಗಿ ವಿಧಿಸಬಹುದಾದ ಸಮುದಾಯ ಸೇವೆಯೇ ಹೆಚ್ಚೆಂದರೆ 300 ಗಂಟೆ! ಇಷ್ಟಾಗಿ ಕೆಲಸವಾದರೂ ಸಿಕ್ಕಿತೇ? ಮ್ಯಾಂಡೇಟರಿ ಯೋಜನೆಯಿಂದ ಉದ್ಯೋಗ ಸಿಗುವ ಸಾಧ್ಯತೆ ಹೆಚ್ಚಲಿಲ್ಲ ಎಂದು 2012ರ ಜೂನ್‌ನಲ್ಲಿ ಸರ್ಕಾರವೇ ಪ್ರಕಟಿಸಿದ ಅಧ್ಯಯನ ಹೇಳಿತು. ಅದೇ ತಿಂಗಳು ಸರ್ಕಾರ ಯೋಜನೆಯನ್ನು ಇನ್ನಷ್ಟು ವಿಸ್ತರಿಸಿತು.

ಇದನ್ನು ಎದುರಿಸಿದವರು ದೊಡ್ಡ ಪಕ್ಷಗಳವರಲ್ಲ. 2010ರಲ್ಲಿ ಹುಟ್ಟಿದ ‘ಬಾಯ್ಕಾಟ್ ವರ್ಕ್‌ಫೇರ್’ (ವರ್ಕ್‌ಫೇರ್ ಎಂದರೆ ಭತ್ಯೆಗಾಗಿ ಕಡ್ಡಾಯ ದುಡಿಮೆ) ಮತ್ತು ಊರೂರಿನ ಸಣ್ಣ ಗುಂಪುಗಳು. ಅವು ಹಿಡಿದ ದಾರಿ ಸರಳ: ಬಿಟ್ಟಿ ದುಡಿಸಿಕೊಳ್ಳುವ ಸಂಸ್ಥೆಯ ಹೆಸರನ್ನು ಬಹಿರಂಗಪಡಿಸುವುದು. ಮಂತ್ರಿಗೆ ಎಷ್ಟು ಮನವಿ ಕೊಟ್ಟರೂ ಆಗದ್ದು ಅಂಗಡಿಯ ಬಾಗಿಲಲ್ಲಿ ಆಯಿತು. 2012ರ ಫೆಬ್ರುವರಿಯಲ್ಲಿ ಟೆಸ್ಕೋ ಸೂಪರ್‌ಮಾರ್ಕೆಟ್‌ನ ರಾತ್ರಿ ಪಾಳಿಯ ಕೆಲಸವೊಂದರ ಜಾಹೀರಾತು ಸುದ್ದಿಯಾಯಿತು; ಸಂಬಳದ ಜಾಗದಲ್ಲಿ ‘ಭತ್ಯೆ ಮತ್ತು ಖರ್ಚು’ ಎಂದು ಬರೆದಿತ್ತು. ಪ್ರತಿಭಟನೆ ಶುರುವಾದ ಕೆಲವೇ ದಿನಗಳಲ್ಲಿ ಹೆಸರಾಂತ ಮಳಿಗೆಗಳು ಒಂದೊಂದಾಗಿ ಹಿಂದೆ ಸರಿದವು. ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಭತ್ಯೆ ಕಡಿತ ಎಂಬ ಷರತ್ತನ್ನು ‘ವರ್ಕ್ ಎಕ್ಸ್‌ಪೀರಿಯನ್ಸ್’ ಎಂಬ ಇನ್ನೊಂದು ಯೋಜನೆಯಿಂದ ಸರ್ಕಾರ ಆ ತಿಂಗಳ ಕೊನೆಯೊಳಗೇ ಕೈಬಿಟ್ಟಿತು.

ಹೆಸರು ಕಲೆಹಾಕುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಮೊದಲ ಸುಳಿವು ಬರುವುದು ದುಡಿಯಲು ಹೋದವರಿಂದಲೇ. ಬರಿ ಬಾಯಿಮಾತನ್ನು ನಂಬಿ ಪ್ರಕಟಿಸಿದರೆ ಸಂಸ್ಥೆ ಅಲ್ಲಗಳೆಯುತ್ತದೆ, ಇಡೀ ಪಟ್ಟಿಯ ಮೇಲೇ ಅನುಮಾನ ಬರುತ್ತದೆ. ಆದ್ದರಿಂದ ಯೋಜನೆಯ ಹೆಸರು, ಜಾಗ, ದಿನಾಂಕ ಮೂರೂ ಇರುವ ಪತ್ರ ಬೇಕು. ಅದನ್ನು ತೋರಿಸುವಾಗ ಕಳಿಸಿದವರ ಹೆಸರು, ವಿಮಾ ಸಂಖ್ಯೆಗಳ ಜೊತೆಗೆ ದಿನಾಂಕವನ್ನೂ ಮರೆಮಾಡಬೇಕು. ಸಣ್ಣ ಊರಿನಲ್ಲಿ ದಿನಾಂಕ ಒಂದೇ ಸಾಕು, ವ್ಯಕ್ತಿ ಯಾರೆಂದು ಗೊತ್ತಾಗಲು. ಅಂಗಡಿ ಎದುರು ನಿಲ್ಲುವವರು ಗಲ್ಲಾದಲ್ಲಿ ಕೂತವರನ್ನು ಬೈಯಬಾರದು; ಪಕ್ಕದವರು ಬಿಟ್ಟಿ ದುಡಿದರೆ ಮೊದಲು ಕೆಲಸದ ಗಂಟೆ ಕಳೆದುಕೊಳ್ಳುವವರು ಅವರೇ. ದತ್ತಿ ಸಂಸ್ಥೆಗಳ ವಿಷಯದಲ್ಲಿ ಧರಣಿಗಿಂತ ಟ್ರಸ್ಟಿಗಳಿಗೆ ಬರೆದ ಪತ್ರ ಹೆಚ್ಚು ನಾಟುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒತ್ತಾಯದಿಂದ ಬಂದವರನ್ನು ಸ್ವಯಂಸೇವಕರೆಂದು ಕರೆಯಲು ಟ್ರಸ್ಟಿಗಳಿಗೇ ಮುಜುಗರ. 2014ರ ‘ಕೀಪ್ ವಾಲಂಟೀರಿಂಗ್ ವಾಲಂಟರಿ’ ಪ್ರತಿಜ್ಞೆಗೆ ನೂರಾರು ಸಂಸ್ಥೆಗಳು ಸಹಿ ಹಾಕಿದ್ದು ಇದೇ ಕಾರಣಕ್ಕೆ.

ಹೆಸರಿನ ಬಲ ಎಷ್ಟೆಂಬುದನ್ನು ಸರ್ಕಾರವೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಂತಾಯಿತು. ಯಾರ ಬಳಿ ಜನರನ್ನು ಕಳಿಸುತ್ತಿದ್ದೀರಿ ಎಂದು 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಪಟ್ಟಿ ಹೊರಬಂದರೆ ಸಂಸ್ಥೆಗಳು ಹಿಂದೆ ಸರಿದು ಯೋಜನೆ ಕುಸಿಯುತ್ತದೆ ಎಂದು ಭತ್ಯೆ ನೋಡಿಕೊಳ್ಳುವ ಕೆಲಸ ಮತ್ತು ಪಿಂಚಣಿ ಇಲಾಖೆ ವಾದಿಸಿತು. ಪಟ್ಟಿ ಕೊಡಲೇಬೇಕೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತದ್ದು 2016ರ ಜುಲೈನಲ್ಲಿ. ಅಷ್ಟರಲ್ಲಿ ಮ್ಯಾಂಡೇಟರಿ, ಕಮ್ಯುನಿಟಿ ಎರಡೂ ಯೋಜನೆಗಳನ್ನು ನವೀಕರಿಸುವುದಿಲ್ಲವೆಂದು ಸರ್ಕಾರ 2015ರ ನವೆಂಬರ್‌ನಲ್ಲೇ ಘೋಷಿಸಿಯಾಗಿತ್ತು.

ಇನ್ನೊಂದು ಆಯುಧ ಜಾಬ್‌ಸೆಂಟರ್ (ಭತ್ಯೆ ಮತ್ತು ಉದ್ಯೋಗ ನೋಡಿಕೊಳ್ಳುವ ಸರ್ಕಾರಿ ಕಚೇರಿ) ಕೊಡುವ ಕಾಗದ. ಭೂವಿಜ್ಞಾನ ಓದಿದ್ದ ಕೇಟ್ ರೈಲಿ ವಸ್ತುಸಂಗ್ರಹಾಲಯದ ಸ್ವಯಂಸೇವೆ ಬಿಟ್ಟು ಪೌಂಡ್‌ಲ್ಯಾಂಡ್ ಅಂಗಡಿಗೆ ಹೋಗಬೇಕಾಯಿತು. ಅದು ಕಡ್ಡಾಯವಲ್ಲದಿದ್ದರೂ ಕಡ್ಡಾಯವೆಂದು ಆಕೆಗೆ ಹೇಳಲಾಗಿತ್ತು. ಜೇಮಿಸನ್ ವಿಲ್ಸನ್‌ಗೆ ಬಂದ ಪತ್ರದಲ್ಲಿ ಮಾಡಬೇಕಾದ್ದೇನೆಂಬ ವಿವರವೇ ಸಾಕಷ್ಟಿರಲಿಲ್ಲ. ಇಬ್ಬರೂ ನ್ಯಾಯಾಲಯಕ್ಕೆ ಹೋದರು. ಇದು ಜೀತ ಎಂಬ ವಾದ ನಿಲ್ಲಲಿಲ್ಲ, ಆದರೆ ಯೋಜನೆಗಳ ನಿಯಮಗಳೇ ಕಾನೂನುಬಾಹಿರ ಎಂದು 2013ರ ಫೆಬ್ರುವರಿ 12ರಂದು ತೀರ್ಪು ಬಂತು. ಭತ್ಯೆ ಕಡಿತಗೊಂಡವರಿಗೆ ಹಣ ಹಿಂದಿರುಗಿಸಬೇಕಾದೀತೆಂದು ಸಂಸತ್ತು ಮಾರ್ಚ್‌ನಲ್ಲೇ ತರಾತುರಿಯಿಂದ, ಹಿಂದಿನ ಕಡಿತಗಳನ್ನೂ ಸಿಂಧುಗೊಳಿಸುವ ಪೂರ್ವಾನ್ವಯ ಕಾಯ್ದೆ ತಂದಿತು. ವಿರೋಧ ಪಕ್ಷವಾದ ಲೇಬರ್ ಮತದಾನದಿಂದ ದೂರ ಉಳಿಯಿತು. ಆಗಲೇ ಮೇಲ್ಮನವಿ ಹೂಡಿದ್ದವರ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಆ ಕಾಯ್ದೆ ಧಕ್ಕೆ ತಂದಿತೆಂದು ನ್ಯಾಯಾಲಯ ಹೇಳಿದ ಮೇಲೂ ತಿದ್ದುಪಡಿ ಆದೇಶಕ್ಕೆ 2020 ಬರಬೇಕಾಯಿತು. ಮೇಲ್ಮನವಿ ಹೂಡದೆ ಸುಮ್ಮನಿದ್ದವರಿಗೆ ಏನೂ ಸಿಗಲಿಲ್ಲ.

ಒಬ್ಬೊಬ್ಬರೇ ‘ಹೋಗುವುದಿಲ್ಲ’ ಎಂದು ಕೂರುವುದು ಅಪಾಯಕಾರಿಯಾಗಿತ್ತು. 2012ರ ಅಕ್ಟೋಬರ್ ನಂತರ ಮ್ಯಾಂಡೇಟರಿ ಯೋಜನೆಗೆ ಹೋಗದಿದ್ದರೆ ಮೊದಲ ಸಲ 13 ವಾರ, ಎರಡನೆಯ ಸಲ 26, ಮೂರನೆಯ ಸಲ 156 ವಾರ ಭತ್ಯೆ ಬಂದ್. ಅದಕ್ಕೇ ಅನುಭವಸ್ಥ ಗುಂಪುಗಳು ನಿರಾಕರಿಸಿ ಎಂದು ಕುರುಡಾಗಿ ಹೇಳುತ್ತಿರಲಿಲ್ಲ. ಜಾಬ್‌ಸೆಂಟರ್ ಭೇಟಿಗೆ ಜೊತೆಗೊಬ್ಬರು ಹೋಗಿ, ಮಾತನಾಡದೆ, ಟಿಪ್ಪಣಿ ಬರೆದುಕೊಳ್ಳುವುದು ಅವರ ಪದ್ಧತಿ. ಕಡಿತವಾದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು, ಅದೂ ತಿರಸ್ಕೃತವಾದರೆ ಮತ್ತೊಂದು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಬಹಳ ಜನ ಎಡವುವುದು ಮೊದಲ ಮೆಟ್ಟಿಲಲ್ಲೇ: ಬಾಯಲ್ಲಿ ಜಗಳವಾಡಿ ಬರುತ್ತಾರೆ, ಲಿಖಿತವಾಗಿ ಕೊಡುವುದಿಲ್ಲ.

ರೈಲಿಯವರನ್ನು ಕಳಿಸಿದ್ದ ‘ಸೆಕ್ಟರ್ ಬೇಸ್ಡ್ ವರ್ಕ್ ಅಕಾಡೆಮಿ’ ಯೋಜನೆ ಹಳೆಯ ಭತ್ಯೆಗಳ ಜಾಗಕ್ಕೆ ಬಂದ ‘ಯೂನಿವರ್ಸಲ್ ಕ್ರೆಡಿಟ್’ ಕಾಲದಲ್ಲೂ ಮುಂದುವರಿದಿದೆ: 6 ವಾರದವರೆಗೆ, ಸಂಬಳವಿಲ್ಲದೆ. ಸಲಹೆಗಾರರು ಇದಕ್ಕೆ ಸೇರಿ ಎಂದಾಗ ‘ಇದು ಕಡ್ಡಾಯವೇ, ಬಿಟ್ಟರೆ ಭತ್ಯೆ ಕಡಿತವಾಗುತ್ತದೆಯೇ’ ಎಂಬ ಎರಡು ಪ್ರಶ್ನೆಗಳನ್ನು ಆನ್‌ಲೈನ್ ಜರ್ನಲ್‌ನಲ್ಲಿ (ಸಲಹೆಗಾರರೊಂದಿಗೆ ಸಂದೇಶ ವಿನಿಮಯದ ಖಾತೆಯಲ್ಲಿ) ಬರೆದು ಕೇಳಬೇಕು, ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಉತ್ತರ ಬರುವವರೆಗೆ ಆ ಯೋಜನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಬೇಡ.

ಇತಿ,
ತಮ್ಮ ಪತ್ರಿಕೆಯ ಓದುಗರು