ನೀರಿನ ಆಟಕ್ಕೆ ಗಾಡಿ ಕಳಿಸುವ ಮೊದಲು ಇದನ್ನು ಓದಿ

ಪಾಲಕರಿಗೆ ನಮಸ್ಕಾರ.

ಹೋಳಿಯ ಬಣ್ಣದಾಟದ ದಿನವಾದ ರಂಗಪಂಚಮಿ ಮುಗಿದ ಮೇಲೆ ಬರುವ ಶನಿವಾರ ಬೆಳಿಗ್ಗೆ 8ರಿಂದ 10ರವರೆಗೆ ಶಾಲೆಯ ಮೈದಾನದಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ವಾಟರ್ ಗನ್ ಆಟ ಇಟ್ಟಿದ್ದೇವೆ. ಬಣ್ಣ ಇಲ್ಲ, ಬರೀ ನೀರು. ಎರಡು ತಂಡ, ಎರಡು ಕೋಟೆ, ಎದುರಿನವರ ಬಾವುಟ ಕಿತ್ತು ತಂದವರು ಗೆದ್ದಂತೆ. ಹತ್ತನೇ ತರಗತಿಯವರು ಸಿಟ್ಟಾಗಿದ್ದಾರೆ, ಗೊತ್ತು. ಅವರ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ.

ಸುದ್ದಿ ಮನೆ ಮುಟ್ಟಿದ್ದೇ ತಡ, ನಿಮ್ಮ ಫೋನ್ ಶುರುವಾದವು. ಒಬ್ಬರು ಟ್ರ್ಯಾಕ್ಟರ್ ಕಳಿಸುತ್ತೇನೆ ಅಂದರು, ಇನ್ನೊಬ್ಬರು ಟಾಟಾ ಏಸ್, ಮತ್ತೊಬ್ಬರಂತೂ 'ಸರ್, ಬಾಗಲಕೋಟೆಯಲ್ಲಿ ಹೋಳಿ ಹಬ್ಬದಲ್ಲಿ ಬಣ್ಣದ ಬಂಡಿ ಹೊರಡುತ್ತವಲ್ಲ, ಹಾಗೆ ಟ್ರೇಲರಿನಲ್ಲಿ ಬ್ಯಾರಲ್ ಇಟ್ಟು ಹುಡುಗರನ್ನು ಹತ್ತಿಸಿ ಮೈದಾನ ಸುತ್ತಿಸೋಣ' ಅಂತ ಪೂರ್ತಿ ಯೋಜನೆಯನ್ನೇ ಹೇಳಿದರು. ನಿಮ್ಮ ಉತ್ಸಾಹ ನೋಡಿ ಖುಷಿಯಾಯಿತು. ಆದರೆ ಸುತ್ತಿಸುವುದು ಆಗುವುದಿಲ್ಲ. ನಿಂತ ಗಾಡಿ ಆಟದಲ್ಲಿ ಇರಬಹುದು, ಓಡುವ ಗಾಡಿ ಇರುವಂತಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಸುಮ್ನೆ 'ಬೇಡ' ಅಂದರೆ ಹುಡುಗರಿಗೂ ಸಿಟ್ಟು, ನಿಮಗೂ ಸಿಟ್ಟು.

ಮೊದಲು ನೀರಿನ ಭಾರ ನೋಡಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 200 ಲೀಟರಿನ ಐದು ಬ್ಯಾರಲ್ ತುಂಬಿಸಿದರೆ ಅಲ್ಲಿಗೇ ಒಂದು ಟನ್. ತುಂಬಿದ ಬ್ಯಾರಲ್ ಒಂದು ಕಡೆ ನಿಲ್ಲುತ್ತದೆ, ಆಟ ಶುರುವಾಗಿ ಅರ್ಧ ಖಾಲಿಯಾದಾಗಲೇ ತಾಪತ್ರಯ. ಗಾಡಿ ತಿರುಗಿದಾಗ ಒಳಗಿನ ನೀರೆಲ್ಲ ಒಂದೇ ಕಡೆ ನುಗ್ಗುತ್ತದೆ, ಹಗ್ಗ ಸಡಿಲಾಗಿದ್ದರೆ ಬ್ಯಾರಲ್ ಕೂಡ ಜಾರುತ್ತದೆ, ಜಾರುವ ಬ್ಯಾರಲ್ ಪಕ್ಕದಲ್ಲಿ ನಿಮ್ಮ ಮಗ ಎರಡೂ ಕೈಯಲ್ಲಿ ಗನ್ ಹಿಡಿದು, ಯಾವುದನ್ನೂ ಹಿಡಿದುಕೊಳ್ಳದೆ ನಿಂತಿರುತ್ತಾನೆ. ಮೇಲಿಂದ ನಮ್ಮದು ಎರೆ ಮಣ್ಣಿನ ಮೈದಾನ. ಎರೆ ಒದ್ದೆಯಾದರೆ ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತದೆ, ಬ್ರೇಕ್ ಹಾಕಿದರೂ ಗಾಡಿ ಹೇಗೆ ಜಾರುತ್ತದೆ ಅಂತ ಹೊಲ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಟ್ರೇಲರ್, ಟಾಟಾ ಏಸ್ ಎಲ್ಲ ಸರಕು ಸಾಗಿಸುವ ಗಾಡಿಗಳು, ಅದರಲ್ಲಿ ಜನರನ್ನು ಹತ್ತಿಸುವುದಕ್ಕೆ ಕಾನೂನೂ ಒಪ್ಪುವುದಿಲ್ಲ. 'ಮದುವೆಗೆ ಹೋಗುತ್ತೇವಲ್ಲ ಸರ್' ಅನ್ನಬೇಡಿ. ಹೋಗುತ್ತೀರಿ, ನೋಡಿದ್ದೇನೆ. ಅದೂ ತಪ್ಪೇ.

ಎರಡನೆಯದು ಡ್ರೈವರ್ ಮುಖ. ಮಕ್ಕಳ ಕೈಯಲ್ಲಿ ಈಗ ಇರುವುದು ನಾವು ಆಡಿದ ಪಿಚಕಾರಿ ಅಲ್ಲ, ಪಂಪ್ ಹೊಡೆದು ಗಾಳಿ ಒತ್ತಿ ದೂರದಿಂದ ನೀರು ಚಿಮ್ಮಿಸುವ ಗನ್. ಇದರ ಉಪಾಯ ಹೊಳೆದದ್ದು ಅಮೆರಿಕದ ಎಂಜಿನಿಯರ್ ಲಾನಿ ಜಾನ್ಸನ್ ಅವರಿಗೆ. ನಾಸಾದಲ್ಲೂ ಕೆಲಸ ಮಾಡಿದವರು. 1982ರಲ್ಲಿ ಮನೆಯ ಬಚ್ಚಲಲ್ಲಿ ಬೇರೆ ಯಾವುದೋ ಯಂತ್ರ ಪರೀಕ್ಷೆ ಮಾಡುವಾಗ ನೀರು ಜೋರಾಗಿ ಚಿಮ್ಮಿದ್ದು ನೋಡಿ ತಲೆಗೆ ಬಂತಂತೆ, 1990ರಲ್ಲಿ ಅಂಗಡಿಗೆ ಬಂತು. ಒಂಬತ್ತನೇ ತರಗತಿಗೆ ಒತ್ತಡದ ಪಾಠ ಹೇಳುವಾಗ ಇದನ್ನೇ ಹೇಳುತ್ತೇನೆ, ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ. ಇರಲಿ. ಅಂಥ ನೀರು ಥಟ್ಟನೆ ಮುಖಕ್ಕೆ ಬಡಿದರೆ ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ, ಅದು ಧೈರ್ಯದ ಪ್ರಶ್ನೆ ಅಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇರುವ ಬೈಕು ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ದಾಟಿರುತ್ತದೆ. ಎಂಟು ಮೀಟರ್ ಕಣ್ಣು ಮುಚ್ಚಿ! ಅದಕ್ಕೇ ಆಟದ ಹೊತ್ತಿನಲ್ಲಾಗಲಿ ಹೊರಗಾಗಲಿ, ಗಾಡಿ ಓಡಿಸುವವರಿಗೆ ನೀರು ಹೊಡೆದ ಮಗು ಅವತ್ತಿನ ಆಟದಿಂದ ಹೊರಗೆ. ಎರಡನೇ ಅವಕಾಶ ಇಲ್ಲ, ನನ್ನ ಹತ್ತಿರ ಶಿಫಾರಸು ತರಬೇಡಿ.

ಹಾಗಾದರೆ ಟ್ರ್ಯಾಕ್ಟರ್ ಬೇಡವೇ? ಬೇಕು. ಕೋಟೆಗೆ ಅದಕ್ಕಿಂತ ಚೆನ್ನಾಗಿರುವುದು ಏನಿದೆ! ಮಕ್ಕಳು ಬರುವ ಮೊದಲೇ, 7 ಗಂಟೆಗೆ, ಟ್ರ್ಯಾಕ್ಟರ್ ಟ್ರೇಲರ್ ಸಮೇತ ಮೈದಾನದಲ್ಲಿ ನಿಂತಿರಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಕೀಲಿ ನನ್ನ ಕೈಗೆ ಕೊಡಬೇಕು. ಟ್ರೇಲರ್ ಬಿಚ್ಚಿ ಇಟ್ಟು ಹೋಗುತ್ತೇವೆ ಅಂತ ಒಬ್ಬರು ಕೇಳಿದ್ದರು. ಎರಡು ಗಾಲಿಯ ಟ್ರೇಲರ್ ಬಿಚ್ಚಿಟ್ಟರೆ, ಹತ್ತು ಹುಡುಗರು ಹಿಂದಿನ ತುದಿಗೆ ಓಡಿ ನಿಂತ ಕ್ಷಣ ಮುಂದಿನ ಮೂಗು ಮೇಲೆದ್ದು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಆದ್ದರಿಂದ ಬಿಚ್ಚುವ ಹಾಗಿಲ್ಲ. ತಗಡಿನ ತಳ ಒದ್ದೆಯಾದರೆ ಜಾರುತ್ತದೆ, ಹಳೆಯ ಗೋಣಿಚೀಲ ಇದ್ದರೆ ಹಾಸಲು ಕಳಿಸಿ. ಬ್ಯಾರಲ್‌ಗಳು ನೆಲದ ಮೇಲೇ ಇರುತ್ತವೆ, ಮೇಲೆ ಇಡುವುದಿಲ್ಲ. ಟ್ರೇಲರಿನಿಂದ ಹಾರುವಂತಿಲ್ಲ, ಹಿಂದಿನ ಬಾಗಿಲಿಗೆ ಮರದ ಮೆಟ್ಟಿಲು ಇಡುತ್ತೇವೆ. ಗಾಡಿಯ ಕೆಳಗೆ, ಗಾಲಿಗಳ ನಡುವೆ ಅಡಗುವುದನ್ನು ಪೂರ್ತಿ ನಿಷೇಧಿಸಿದ್ದೇವೆ. ಕೀಲಿ ನನ್ನ ಹತ್ತಿರ ಇದ್ದರೂ ಸರಿ, ಯಾಕಂದರೆ ಇವತ್ತು ನಿಂತ ಗಾಡಿಯ ಕೆಳಗೆ ಅಡಗಿ ರುಚಿ ಕಂಡವನು ನಾಳೆ ಓಣಿಯಲ್ಲಿ ಯಾರದೋ ಗಾಡಿಯ ಕೆಳಗೆ ಹೋಗುತ್ತಾನೆ.

ನಡುವೆ ಒಮ್ಮೆ ನೀರಿನ ಟ್ಯಾಂಕರ್ ಬರುತ್ತದೆ. ಬೋರಿನ ನೀರು, ನಲ್ಲಿ ನೀರಲ್ಲ. ಮಲಪ್ರಭೆಯ ನೀರು ಯಾವಾಗ ಬರುತ್ತದೋ ಅಂತ ಕಾಯುವ ಊರಿನಲ್ಲಿ ಅದನ್ನು ಆಟಕ್ಕೆ ಚೆಲ್ಲುವ ಮನಸ್ಸು ನನಗಿಲ್ಲ. ಟ್ಯಾಂಕರ್ ಗೇಟಿಗೆ ಬಂದಾಗ ಒಂದು ಉದ್ದನೆಯ ಸೀಟಿ ಕೇಳುತ್ತದೆ. ಸೀಟಿ ಕೇಳಿದರೆ ಗನ್ ಕೆಳಗೆ, ಎಲ್ಲರೂ ಸುಣ್ಣದ ಗೆರೆಯ ಆಚೆ. ಪಿ.ಟಿ. ಸರ್ ಟ್ಯಾಂಕರ್ ಹಿಂದೆ ನಿಂತು ರಿವರ್ಸ್ ತೆಗೆಸುತ್ತಾರೆ, ಡ್ರೈವರಿಗೆ ಅವರು ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ಇರಬೇಕು. ಟ್ಯಾಂಕರ್ ಹೊರಗೆ ಹೋಗಿ ಗೇಟು ಹಾಕಿದ ಮೇಲೆ ಮತ್ತೆ ಆಟ. ಈ ಸೀಟಿ ಅಭ್ಯಾಸವನ್ನು ಪ್ರಾರ್ಥನೆ ಹೊತ್ತಿನಲ್ಲಿ ಈಗಾಗಲೇ ಮಾಡಿಸುತ್ತಿದ್ದೇವೆ.

ನಿಮ್ಮ ಬೈಕು ಸ್ಕೂಟಿಗಳನ್ನು ದಯವಿಟ್ಟು ಕಾಂಪೌಂಡ್ ಹೊರಗೆ ನಿಲ್ಲಿಸಿ. ಈಗಷ್ಟೇ ನಿಲ್ಲಿಸಿದ ಬೈಕಿನ ಸೈಲೆನ್ಸರ್ ಬರಿಗಾಲಿನ ಮಕ್ಕಳಿಗೆ ಚುರುಕು ಮುಟ್ಟಿಸುತ್ತದೆ.

ನನಗೆ ಮೈದಾನದ ಚಿಂತೆ ಅಷ್ಟಿಲ್ಲ, ಅಲ್ಲಿ ನಾವಿರುತ್ತೇವೆ. ಜಾಸ್ತಿ ಚಿಂತೆ 10 ಗಂಟೆಯ ನಂತರದ್ದು. ಉಣಕಲ್, ಭೈರಿದೇವರಕೊಪ್ಪ, ನವನಗರದ ಕಡೆ ಹೋಗುವ ಮಕ್ಕಳು ಗುಂಪಾಗಿ ಹೊರಡುತ್ತಾರೆ, ಗನ್ನಿನಲ್ಲಿ ನೀರು ಉಳಿದಿದ್ದರೆ ಕೈ ಸುಮ್ಮನಿರುವುದಿಲ್ಲ. ಆ ಹುಬ್ಬಳ್ಳಿ-ಧಾರವಾಡ ರಸ್ತೆಯ ನಡುವೆ ಚಿಗರಿ ಅನ್ನುವ ಬಿಆರ್‌ಟಿಎಸ್ ಬಸ್ಸಿನ ಪ್ರತ್ಯೇಕ ದಾರಿ ಇದೆ, ಬಸ್ಸು ವೇಗವಾಗಿ ಬರುತ್ತದೆ, ಗೆಳೆಯನನ್ನು ಅಟ್ಟಿಸಿಕೊಂಡು ಓಡುವ ಹುಡುಗನಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಗೇಟಿನಲ್ಲಿ ಪ್ರತಿ ಗನ್ ಖಾಲಿ ಮಾಡಿಸಿ, ಟ್ಯಾಂಕ್ ಬಿಚ್ಚಿ ಚೀಲಕ್ಕೆ ಹಾಕಿಸಿಯೇ ಹೊರಗೆ ಬಿಡುತ್ತೇವೆ. ಆಟೋ, ಟಂಟಂ ಹತ್ತಿದ ಮೇಲೆ ಹೊರಗೆ ಕೈ ಚಾಚಿ ನೀರು ಹೊಡೆಯುವುದೂ ಇಲ್ಲ. ಮೂರು ಗಾಲಿಯ ಗಾಡಿಯಲ್ಲಿ ಆರು ಮಕ್ಕಳು ಒಂದೇ ಬದಿಗೆ ವಾಲಿದರೆ ಏನಾಗುತ್ತದೆ ಅಂತ ಆಟೋದವರನ್ನೇ ಕೇಳಿ ನೋಡಿ.

ನೀವು ಬೈಕಿನಲ್ಲಿ ಕರೆದೊಯ್ಯಲು ಬರುವವರಾದರೆ ಟವಲ್ ತನ್ನಿ. ಹೆಲ್ಮೆಟ್ ಎರಡು ತನ್ನಿ, ಒಂದಲ್ಲ. ಗಾಡಿಗೆ ನೀರು ಬಿದ್ದಿದ್ದರೆ ಹೊರಟ ತಕ್ಷಣ ಮೆಲ್ಲಗೆ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ. ಡ್ರಮ್ ಬ್ರೇಕಿನೊಳಗೆ ನೀರು ಹೋಗಿದ್ದರೆ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ.

ಇನ್ನೊಂದು ಮಾತು, ಇದನ್ನು ನೇರವಾಗಿಯೇ ಹೇಳುತ್ತೇನೆ. ರಂಗಪಂಚಮಿ ದಿನ ನಮ್ಮ ಶಾಲೆಯ ಹುಡುಗರೇ ಒಂದು ಸ್ಕೂಟಿಯ ಮೇಲೆ ಮೂವರು ಕೂತು, ಹಿಂದಿನವನು ಉಲ್ಟಾ ತಿರುಗಿ ಕೂತು ನೀರು ಹೊಡೆಯುತ್ತ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆ ಸ್ಕೂಟಿ ಯಾರದು? ನಿಮ್ಮದು. ಕೀಲಿ ಕೊಟ್ಟವರು ಯಾರು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. '16 ಆದರೆ ನಡೆಯುತ್ತದೆ' ಅನ್ನುವವರಿಗೆ ಹೇಳುತ್ತೇನೆ, ಅದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕೇ ಬೇಕು. ನಿಮ್ಮ ಮನೆಯ 110 ಸಿಸಿ ಸ್ಕೂಟಿ ಅದರಲ್ಲಿ ಬರುವುದಿಲ್ಲ.

ಟ್ರ್ಯಾಕ್ಟರ್ ಕೊಡುವವರು ಗುರುವಾರದೊಳಗೆ ನನಗೆ ಫೋನ್ ಮಾಡಿ, ಎರಡು ಸಾಕು. ಗೇಟಿನ ಹತ್ತಿರ ನಿಲ್ಲಲು ನಾಲ್ವರು ಪಾಲಕರು ಬೇಕು, ತಾಯಂದಿರು ಬಂದರೆ ಇನ್ನೂ ಒಳ್ಳೆಯದು, ಅವರ ಮಾತಿಗೆ ಹುಡುಗರು ಹೆದರುತ್ತಾರೆ. ಇದರ ಜೊತೆ ಕಳಿಸಿದ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರ ಕಳಿಸಿ. ಚೀಟಿ ತರದ ಮಗು ಆಟ ನೋಡಬಹುದು, ಆಡುವಂತಿಲ್ಲ.

ಇಂತಿ,
ಮುಖ್ಯೋಪಾಧ್ಯಾಯರು